ನೂರು ಮಕ್ಕಳಿಲ್ಲದ ಶಾಲೆಗೂ ಒಬ್ಬ ಆಪ್ತ ಸಮಾಲೋಚಕಿ ಬೇಕು

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ

ಸಾದರ ನಮಸ್ಕಾರಗಳು.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು, ಯಾವ ಮಕ್ಕಳಿಗಾಗಿ ಕೇಳುತ್ತಿದ್ದೇನೋ ಅವರ ಮನೆಯವರೂ ಇದನ್ನು ಓದಲಿ ಎಂದು. ಮುಂಬಯಿಯ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ 26 ವರ್ಷ ಗಣಿತ, ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಠಾಣೆಯ ನನ್ನ ಮನೆಯಲ್ಲೇ ಸಂಜೆ ಹೊತ್ತು ಹತ್ತನೆಯ ತರಗತಿಯ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತೇನೆ.

ಒಬ್ಬ ಹುಡುಗಿಯ ವಿಷಯ ಹೇಳಬೇಕು. ಹೆಸರು ಬೇಡ. ಅಪ್ಪ ಕೂಲಿಕಾರರು ಸೇರುವ ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವವರು. ಅಮ್ಮ ನಾಲ್ಕು ಮನೆಯ ಪಾತ್ರೆ-ಬಟ್ಟೆ ಮಾಡುತ್ತಾರೆ. ಊರು ಕಲಬುರಗಿ ಕಡೆ. ಹುಡುಗಿ ಹತ್ತನೆಯಲ್ಲಿ ಶೇಕಡಾ 84 ತೆಗೆದಳು. ಶಾಲೆಯ ಬಾಗಿಲಿನ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಅವಳ ಹೆಸರು ಬರೆದೆವು, ಪೇಡೆ ಹಂಚಿದೆವು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು. ಹನ್ನೊಂದನೆಯ ಆನ್‌ಲೈನ್ ಅರ್ಜಿ ತುಂಬಿದ್ದು ಸೈಬರ್ ಕೆಫೆಯ ಹುಡುಗ. ಭಾಗ ಒಂದು, ಭಾಗ ಎರಡು, ಹತ್ತು ಕಾಲೇಜುಗಳವರೆಗೆ ಆದ್ಯತೆಯ ಪಟ್ಟಿ. 84 ಬಂದಿದೆಯಲ್ಲ, ಸೈನ್ಸೇ ಇರಲಿ ಎಂದು ಅವನೇ ತೀರ್ಮಾನಿಸಿಬಿಟ್ಟ. ಮೊದಲ ಆದ್ಯತೆಯ ಕಾಲೇಜು ಸಿಕ್ಕಿದರೆ ಅಲ್ಲಿಗೇ ಸೇರಬೇಕು, ಇಲ್ಲದಿದ್ದರೆ ಮುಂದಿನ ಸುತ್ತುಗಳಿಗೆ ಜಾಗವಿಲ್ಲ ಎಂಬ ನಿಯಮ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಅವಳ ಪಕ್ಕದಲ್ಲಿ ಕೂರಬೇಕಾದವಳು ನಾನು. ಕೂರಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ದಾದರ್ ಕಡೆಯ ಒಂದು ಕಾಲೇಜು ಸಿಕ್ಕಿತು. ಗುರುತ್ವಾಕರ್ಷಣೆ, ವರ್ಗ ಸಮೀಕರಣ ಎಂದು ಕಲಿತ ಹುಡುಗಿಗೆ ಅಲ್ಲಿ ಅದೇ ಪಾಠಗಳು ಗ್ರಾವಿಟೇಷನ್, ಕ್ವಾಡ್ರಾಟಿಕ್ ಈಕ್ವೇಷನ್ ಆಗಿ ಎದುರು ನಿಂತವು. ನೂರಕ್ಕೂ ಹೆಚ್ಚು ಮಂದಿಯ ತರಗತಿ. ಎದ್ದು ನಿಂತು ಕೇಳಲು ಬಾಯಿ ಬರಲಿಲ್ಲ. "ಗೊತ್ತಿರೋದೇ ಗೊತ್ತಿಲ್ಲ ಅನ್ನೋ ಹಾಗಾಗ್ತಿತ್ತು ಟೀಚರ್" ಎಂದು ಆಮೇಲೆ ನನಗೆ ಹೇಳಿದಳು. ಮೊದಲ ಯೂನಿಟ್ ಟೆಸ್ಟಿನ ಅಂಕಗಳನ್ನು ತರಗತಿಯಲ್ಲಿ ಎಲ್ಲರೆದುರು ಓದಿದರಂತೆ. ಮರುದಿನದಿಂದ ಅವಳು ಕಾಲೇಜಿಗೆ ಹೋಗಲಿಲ್ಲ.

ಆದರೆ ಮನೆಯಿಂದ ಹೊರಡುತ್ತಿದ್ದಳು. ಬೆಳಿಗ್ಗೆ ಡಬ್ಬಿ ಹಿಡಿದು ಠಾಣೆಯಲ್ಲಿ ಸ್ಲೋ ಲೋಕಲ್ ಹತ್ತುವುದು, ದಾದರಿನಲ್ಲಿ ಇಳಿದು ಸೇತುವೆ ದಾಟಿ ವಾಪಸು ಬರುವ ಗಾಡಿ ಹತ್ತುವುದು, ಮತ್ತೆ ಠಾಣೆ, ಮತ್ತೆ ದಾದರ್. ಮಧ್ಯಾಹ್ನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಊಟ. ವಿದ್ಯಾರ್ಥಿ ಪಾಸು ಠಾಣೆಯಿಂದ ದಾದರಿನವರೆಗೆ ಮಾತ್ರ ಇತ್ತು. ಅದರಾಚೆ ಒಂದು ಸ್ಟೇಷನ್ನೂ ಹೋಗಿಲ್ಲ. ಟೀಸಿ ಹಿಡಿದರೆ ಅಪ್ಪನ ಹತ್ತಿರ ದಂಡಕ್ಕೆ ದುಡ್ಡಿಲ್ಲ ಎಂಬ ಯೋಚನೆ ಆ ಸಂಕಟದಲ್ಲೂ ಅವಳಿಗಿತ್ತು. ಮೂರು ವಾರ ಹೀಗೇ ಕಳೆಯಿತು.

ಅವಳನ್ನು ಮೊದಲು ಗಮನಿಸಿದ್ದು ನಾನಲ್ಲ, ಕಾಲೇಜಿನವರೂ ಅಲ್ಲ. ಮಹಿಳಾ ಬೋಗಿಯಲ್ಲಿ ಕ್ಲಿಪ್ಪು, ರಬ್ಬರ್‌ಬ್ಯಾಂಡ್ ಮಾರುವ ಹೆಂಗಸು. ಕೆಲವು ದಿನ ನೋಡಿ ನೋಡಿ, ಒಂದು ದಿನ ಸರಕಿನ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತು, "ಕಾಲೇಜ್ ಮೇ ಕುಛ್ ಹುವಾ ಕ್ಯಾ, ಬೇಟಾ?" (ಕಾಲೇಜಿನಲ್ಲಿ ಏನಾದರೂ ಆಯ್ತಾ, ಮಗಳೇ?) ಎಂದಳಂತೆ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಿದ್ದು ಆಗಲೇ. ಅವತ್ತು ಸಂಜೆ ತಾಯಿ-ಮಗಳು ನನ್ನ ಮನೆಗೆ ಬಂದರು. "ದಿನಾ ಡಬ್ಬಿ ಖಾಲಿ ಮಾಡ್ಕೊಂಡು ಬರ್ತಿದ್ಳರಿ ಅಕ್ಕೋರ, ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಒಂದು ವರ್ಷ ಹೋಯಿತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿಸಿದೆವು, ಈ ಸಲ ನಾನು ಪಕ್ಕದಲ್ಲೇ ಕೂತೆ. ಈಗ ಕಾಮರ್ಸಿನಲ್ಲಿ ಓದುತ್ತಿದ್ದಾಳೆ.

ಮಾನ್ಯರೇ, ಆ ಕ್ಲಿಪ್ಪಿನ ಹೆಂಗಸು ಮಾಡಿದ ಕೆಲಸವನ್ನು ಮಾಡಲೆಂದೇ ಶಾಲೆಯಲ್ಲಿ, ಕಾಲೇಜಿನಲ್ಲಿ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಬೇಕು. ಪರೀಕ್ಷೆಯ ಹೊತ್ತಿನಲ್ಲಿ, ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ಮಕ್ಕಳ ಸಣ್ಣ ಗುಂಪುಗಳಿಗೆ ಮಾರ್ಗದರ್ಶಕರನ್ನು ಗೊತ್ತುಮಾಡಬೇಕು. ಅಂಕ ಕಡಿಮೆ ಬಂತೆಂದು ಎಲ್ಲರೆದುರು ಅವಮಾನ ಮಾಡಕೂಡದು. ಆ ತೀರ್ಪಿನಲ್ಲೇ ಇರುವ ಲೆಕ್ಕ: 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ ಅದರಲ್ಲಿ 1,764 ಮಂದಿ ನಮ್ಮ ಮಹಾರಾಷ್ಟ್ರದವರು. ಆ ವರ್ಷ ಬೇರೆ ಯಾವ ರಾಜ್ಯದಲ್ಲೂ ಇಷ್ಟಿರಲಿಲ್ಲ. ಈ ಸಂಖ್ಯೆ ಬರೆಯುವಾಗ ನನ್ನ ಕೈ ತಡೆಯುತ್ತದೆ. ಠಾಣೆ-ದಾದರ್ ಗಾಡಿಯ ಬಾಗಿಲಲ್ಲಿ ಆ ಹುಡುಗಿ ಎಷ್ಟು ಸಲ ನಿಂತಿದ್ದಳೋ ನಾನು ಕೇಳಲಿಲ್ಲ.

ನನ್ನ ಚಿಂತೆ ಆ 'ನೂರು' ಎಂಬ ಗಡಿಯದು. ಅದಕ್ಕಿಂತ ಕಡಿಮೆ ಮಕ್ಕಳಿರುವ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಂಡರೆ ಸಾಕು ಎಂದಿದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಲೆಯಲ್ಲಿ ಒಂದೊಂದು ತರಗತಿಗೂ ಎರಡೆರಡು ವಿಭಾಗ ಇತ್ತು. ಈಗ ಇಡೀ ಶಾಲೆ ಸೇರಿದರೂ ನೂರು ಮುಟ್ಟುವುದಿಲ್ಲ. ಅನುಕೂಲ ಇದ್ದವರು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಉಳಿದವರು ನಾಕಾದವರ, ಮನೆಗೆಲಸದವರ, ಹೋಟೆಲ್ ಕಾರ್ಮಿಕರ ಮಕ್ಕಳು. ತಮಿಳು, ತೆಲುಗು ಶಾಲೆಯ ನನ್ನ ಗೆಳತಿಯರೂ ಇದನ್ನೇ ಹೇಳುತ್ತಾರೆ. ಅಂದರೆ ಯಾವ ಮಗುವಿಗೆ ಮನೆಯಲ್ಲಿ ದಾರಿ ತೋರಿಸುವವರು ಯಾರೂ ಇಲ್ಲವೋ, ಅದೇ ಮಗುವಿನ ಶಾಲೆಯಲ್ಲಿ ಗೋಡೆಗೆ ಅಂಟಿಸಿದ ಒಂದು ಫೋನ್ ನಂಬರ್ ಮಾತ್ರ ಇರುತ್ತದೆ.

ಫೋನ್ ನಂಬರ್ ಬೇಡ ಎನ್ನುತ್ತಿಲ್ಲ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಅದನ್ನು ನೋಡಿಕೊಳ್ಳುತ್ತದೆ. ನನ್ನ ಮನೆಯ ಬಾಗಿಲಿಗೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ಪರೀಕ್ಷಾ ಮಂಡಳಿಯೂ ಸಮಾಲೋಚಕರ ನಂಬರುಗಳನ್ನು ಕೊಡುತ್ತದೆ, ಒಳ್ಳೆಯದೇ. ಆದರೆ ಹತ್ತಡಿ ಖೋಲಿಯಲ್ಲಿ ಆರು ಮಂದಿ ಇರುವಾಗ, ಇರುವ ಒಂದೇ ಫೋನ್ ಅಪ್ಪನ ಜೇಬಿನಲ್ಲಿರುವಾಗ, ಹದಿನೈದರ ಹುಡುಗಿ ಎಲ್ಲಿ ನಿಂತು ಮಾತಾಡಬೇಕು? ಅವಳಿಗೆ ಬೇಕಾದ್ದು ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಎದುರಿಗೆ ಕೂತು ಕೇಳುವ ಒಬ್ಬ ಮನುಷ್ಯಳು, ಫೆಬ್ರವರಿ-ಮಾರ್ಚಿನಲ್ಲಿ ಮಾತ್ರ ಅಲ್ಲ, ಜೂನ್‌ನಿಂದಲೇ.

ಶಿಕ್ಷಕರೇ ನೋಡಿಕೊಳ್ಳಲಿ ಎನ್ನಬಹುದು. ಮಾಡುತ್ತಲೇ ಬಂದಿದ್ದೇವೆ. ನನ್ನ ತಂದೆ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಒಂದು ವಾರ ಬರದಿದ್ದ ಹುಡುಗನನ್ನು ಹುಡುಕಿಕೊಂಡು ಹೆಡ್‌ಮಾಸ್ತರರು ಹೋಟೆಲಿಗೇ ಬಂದು, ಮಾಲೀಕರ ಗಲ್ಲಾದ ಎದುರು ನಿಂತು "ಆರೂವರೆಗೆ ಇವನನ್ನು ಬಿಡಿ" ಎನ್ನುತ್ತಿದ್ದರಂತೆ. ಈಗ ಮಕ್ಕಳ ಸಂಖ್ಯೆ ನೋಡಿ ಶಿಕ್ಷಕರ ಹುದ್ದೆ ಮಂಜೂರು ಮಾಡುವ ಸಂಚ್ ಮಾನ್ಯತೆಯಲ್ಲಿ ಯಾವ ಹುದ್ದೆ ಹೋಗುತ್ತದೋ, ಯಾರು ಹೆಚ್ಚುವರಿಯಾಗುತ್ತಾರೋ ಎಂಬ ಭಯದಲ್ಲಿರುವ, ಮೂರು ವಿಷಯ ಒಬ್ಬರೇ ಕಲಿಸುವ, ಚುನಾವಣೆ ಕೆಲಸಕ್ಕೂ ಹೋಗಬೇಕಾದ ಶಿಕ್ಷಕಿಗೆ ಮನಸ್ಸಿದ್ದರೂ ಹೊತ್ತಿಲ್ಲ, ತರಬೇತಿಯೂ ಇಲ್ಲ.

ಓದಿನ ಸಹಾಯ ಬೇರೆ, ಮನಸ್ಸಿನ ಸಹಾಯ ಬೇರೆ ಎಂದು ಎರಡು ಕಡತ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ಒಬ್ಬ ವಿದ್ಯಾರ್ಥಿ ಎರಡು ವಿಷಯದಲ್ಲಿ ಫೇಲಾದ. ಫೇಲಾದ ವಿಷಯ ಬಾಕಿ ಇಟ್ಟುಕೊಂಡೇ ಮುಂದೆ ಓದಲು ಬಿಡುವ ಎಟಿಕೆಟಿ ಮೇಲೆ ಹನ್ನೊಂದನೆಯ ತರಗತಿಗೆ ಸೇರಬಹುದು, ಮುಂದಿನ ಪೂರಕ ಪರೀಕ್ಷೆಗೆ ಕೂರಬಹುದು ಎಂದು ಆ ಮನೆಯವರಿಗೆ ಹೇಳುವವರಿರಲಿಲ್ಲ. ನಾನು ವಿಚಾರಿಸುವ ಹೊತ್ತಿಗೆ ಹುಡುಗ ಸೋದರಮಾವನ ಹೋಟೆಲಿಗೆ ಹೋಗಿ ಆಗಿತ್ತು. ಅವನ ಮನಸ್ಸು ಕುಸಿದದ್ದು ಫೇಲಾದ ದಿನವಲ್ಲ, ಇನ್ನು ದಾರಿಯೇ ಇಲ್ಲ ಎಂದುಕೊಂಡ ದಿನ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಲು ತುಂಬುವ 17 ನಂಬರ್ ಅರ್ಜಿ ಎಂದರೇನು, ಐಟಿಐಗೆ ಯಾವಾಗ ಅರ್ಜಿ ಹಾಕಬೇಕು, ಯಾವ ಕಾಲೇಜಿನಲ್ಲಿ ಅಲ್ಪಸಂಖ್ಯಾತ ಕೋಟಾ ಇದೆ, ಇದೆಲ್ಲ ಗೊತ್ತಿರುವವರೇ ಅಳುವ ಮಗುವಿನ ಎದುರು ಕೂರಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಸಣ್ಣ ಶಾಲೆಗಳ ಮಕ್ಕಳನ್ನು ಶಾಲೆವಾರು ಎಣಿಸಬೇಡಿ, ಒಟ್ಟಿಗೆ ಎಣಿಸಿ. ಒಂದೇ ಭಾಷೆಯ ನಾಲ್ಕೈದು ಶಾಲೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ಆಪ್ತ ಸಮಾಲೋಚಕಿಯನ್ನು ಕೊಡಿ. ವಾರದಲ್ಲಿ ಒಂದು ನಿಗದಿತ ದಿನ ಒಂದೊಂದು ಶಾಲೆಗೆ ಬರಲಿ. ಆಕೆಗೆ ಮಕ್ಕಳ ಮನೆಮಾತು ಬರಬೇಕು. ಮರಾಠಿ ನಮ್ಮ ಮಕ್ಕಳಿಗೆ ಚೆನ್ನಾಗಿ ಬರುತ್ತದೆ, ಆದರೆ ಅಮ್ಮನ ಜೊತೆ ಮಾತಾಡಬೇಕಾಗಿ ಬಂದಾಗ ಕನ್ನಡವೇ ಬೇಕು. ಹತ್ತನೆಯ ಫಲಿತಾಂಶದಿಂದ ಹನ್ನೊಂದನೆಯ ಪ್ರವೇಶ ಮುಗಿಯುವವರೆಗೆ ಆಕೆಗೆ ರಜೆ ಬೇಡ, ಆ ರಜೆಯನ್ನು ಬೇರೆ ತಿಂಗಳಲ್ಲಿ ಕೊಡಿ. ಪರೀಕ್ಷೆ ಮುಗಿದು ಕಾಲೇಜು ತೆರೆಯುವ ನಡುವೆ, ಮಾತೃಭಾಷೆಯಲ್ಲಿ ಓದಿದ ಮಕ್ಕಳಿಗೆ ಗಣಿತ-ವಿಜ್ಞಾನದ ಇಂಗ್ಲಿಷ್ ಪದಗಳ ಒಂದು ಸೇತುಬಂಧ ತರಗತಿ ನಡೆಸಿ. ಅದಕ್ಕೆ ನನ್ನಂಥ ನಿವೃತ್ತರು ಸಂಬಳವಿಲ್ಲದೆ ಬರುತ್ತೇವೆ. ಈಗಾಗಲೇ ಮೂವರು ಒಪ್ಪಿದ್ದಾರೆ.

ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮಾತಾಡಿದ್ದೇನೆ. ಎರಡನೆಯ ಮಹಡಿಯಲ್ಲಿ ಹಳೆಯ ಪ್ರಯೋಗಶಾಲೆಯ ಕೋಣೆ ಖಾಲಿ ಬಿದ್ದಿದೆ, ಬಾಗಿಲಿಗೆ ಚಿಲಕ ಇದೆ, ಕಿಟಕಿಗೆ ಪರದೆ ಹೊಲಿಸಿ ಹಾಕಿದ್ದೇವೆ. ಎರಡು ಕುರ್ಚಿ ನಾನು ತಂದಿಡುತ್ತೇನೆ. ಮಂಗಳವಾರ ಆದರೆ ಅನುಕೂಲ ಎಂದಿದ್ದಾರೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ನಿವೃತ್ತ ಶಿಕ್ಷಕಿ, ಠಾಣೆ