ಎಳೆ ನಿಂಬೆಗೆ ಶಿಲೀಂಧ್ರ ಸಿಂಪಡಿಸುವ ಮುನ್ನ

ಮಾನ್ಯ ಸಂಪಾದಕರೇ,

ಹಿರಿಯೂರು ಸೀಮೆಯಲ್ಲಿ ಹೊಸದಾಗಿ ನಿಂಬೆ, ಮೋಸಂಬಿ ನಾಟಿ ಮಾಡಿದವರಿಗೆ ಬ್ಯುವೇರಿಯಾ, ಮೆಟರೈಜಿಯಂ ಮೊದಲಾದ ಕೀಟನಾಶಕ ಶಿಲೀಂಧ್ರಗಳನ್ನು ಬಳಸುವಂತೆ ಸಲಹೆ ದೊರೆಯುತ್ತಿದೆ. ಸಲಹೆ ಒಳ್ಳೆಯದೇ, ಆದರೆ ನಮ್ಮ ಜಿಲ್ಲೆಯ ಬಿಸಿಲನ್ನಾಗಲಿ, ಪಕ್ಕದ ಹೊಲದ ಹಿಪ್ಪುನೇರಳೆಯನ್ನಾಗಲಿ ಲೆಕ್ಕಕ್ಕೆ ಹಿಡಿಯದೆ ಅದನ್ನು ಹೇಳಲಾಗುತ್ತಿದೆ ಎಂಬುದು ನನ್ನ ಆಕ್ಷೇಪ.

ನೆಟ್ಟ ಮೊದಲ ಎರಡು ಮೂರು ವರ್ಷ ನೀರು, ಗೊಬ್ಬರ ಕಂಡ ಗಿಡ ಮೇಲಿಂದ ಮೇಲೆ ಚಿಗುರುತ್ತದೆ, ಸಿಲ್ಲಾ ಕೀಟ ಮೊಟ್ಟೆಯಿಡುವುದು ಆ ಎಳೆ ಚಿಗುರಿನಲ್ಲೇ. ಅದು ರಸ ಹೀರುವುದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ದಾಟಿಸುವುದೂ ಅದೇ, ಮತ್ತು ಒಮ್ಮೆ ರೋಗ ತಗುಲಿದ ಗಿಡವನ್ನು ಗುಣಪಡಿಸುವ ಮದ್ದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಪತ್ತೆಯಾದ ಈ ರೋಗ ಅಲ್ಲಿನ ಕಿತ್ತಳೆ ಬೆಳೆಯನ್ನು ನೆಲಕಚ್ಚಿಸಿತು. ಸಿಲ್ಲಾ ವಿರುದ್ಧ ಐಸೇರಿಯಾ ಎಂಬ ಶಿಲೀಂಧ್ರವನ್ನು ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿದ್ದು ಆ ಸಂಕಟದ ನಡುವೆಯೇ. ಆದರೆ ಫ್ಲಾರಿಡಾ ತೇವದ ನಾಡು, ಚಿತ್ರದುರ್ಗ ಅಲ್ಲ.

ಶಿಲೀಂಧ್ರದ ಬೀಜಾಣು ಕೀಟದ ಮೈಮೇಲೆ ಕೂತು, ಮೊಳೆತು, ಹೊರಚರ್ಮವನ್ನು ಕೊರೆದು ಒಳಹೊಕ್ಕು ಬೆಳೆದರೆ ಮಾತ್ರ ಕೀಟ ಸಾಯುತ್ತದೆ. ಇದಕ್ಕೆ ಹಲವು ದಿನ ಹಿಡಿಯುತ್ತದೆ, ಗಾಳಿಯಲ್ಲಿ ತೇವವೂ ಇರಬೇಕಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಕ್ಕ ಬೀಜಾಣು ಕೆಲವೇ ಗಂಟೆಗಳಲ್ಲಿ ನಿರ್ಜೀವವಾಗುತ್ತದೆ. ಆದ್ದರಿಂದ ನಮ್ಮಲ್ಲಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಚಿಗುರಿಗೆ, ಸಂಜೆ ಹೊತ್ತು ಇಳಿದ ಮೇಲೆ, ಎಲೆಯ ಕೆಳಭಾಗವೂ ನೆನೆಯುವಂತೆ ಸಿಂಪಡಿಸಿದರೆ ಫಲ ನಿರೀಕ್ಷಿಸಬಹುದು. ಏಪ್ರಿಲ್‌ನ ಒಣ ಗಾಳಿಯಲ್ಲಿ ಅದೇ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ ಕದಡಿ ಹೊಡೆಯುವುದು ಹಣ ಚೆಲ್ಲಿದಂತೆಯೇ. ಆಗ ಬೇವಿನ ಬೀಜದ ಕಷಾಯವೇ ಲೇಸು. ಎಲೆಯ ಪೊರೆಯೊಳಗೆ ಅಡಗಿ ಕೂರುವ ರಂಗೋಲಿ ಹುಳುವಿಗಂತೂ ಬೀಜಾಣು ಸುಲಭವಾಗಿ ತಲುಪುವುದೇ ಇಲ್ಲ. ಕಜ್ಜಿ ರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆಯುವುದು ನಿಂಬೆ ಬೆಳೆಗಾರರಿಗೆಲ್ಲ ರೂಢಿ. ಅದರಲ್ಲಿರುವ ತಾಮ್ರ ರೋಗಕಾರಕ, ಉಪಕಾರಿ ಎಂಬ ಭೇದವೆಣಿಸದೆ ಶಿಲೀಂಧ್ರಕ್ಕೆ ಮಾರಕವಾದ್ದರಿಂದ, ಎರಡನ್ನೂ ಒಂದೇ ಪಂಪಿಗೆ ಹಾಕುವುದಿರಲಿ, ಹಿಂದುಮುಂದಿನ ದಿನಗಳಲ್ಲಿ ಹೊಡೆಯುವುದೂ ತರವಲ್ಲ.

ಇನ್ನು ಯಾರೂ ಬಾಯಿಬಿಡದ ಸಂಗತಿ ರೇಷ್ಮೆಯದು. ರೇಷ್ಮೆ ಹುಳು ಸತ್ತು ಬಿಳಿಚಿ ಸೆಟೆದುಕೊಳ್ಳುವ ಸುಣ್ಣಕಟ್ಟು ರೋಗಕ್ಕೆ ಕಾರಣ ಇದೇ ಬ್ಯುವೇರಿಯಾ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲೇ ಈ ರೋಗ ಶಿಲೀಂಧ್ರದಿಂದ ಬರುತ್ತದೆಂದು ತೋರಿಸಿದ್ದರು, ಬ್ಯುವೇರಿಯಾ ಬಾಸ್ಸಿಯಾನಾ ಎಂಬ ಹೆಸರು ಬಂದಿರುವುದೂ ಅವರಿಂದಲೇ. ಮೆಟರೈಜಿಯಂ ಕೂಡ ರೇಷ್ಮೆ ಹುಳುವಿಗೆ ಹಸಿರು ಸುಣ್ಣಕಟ್ಟು ತರುತ್ತದೆ. ನಿಂಬೆ ಚಿಗುರಿಗೆ ಸಿಂಪಡಿಸಲು ಯೋಗ್ಯವಾದ ಮಳೆಗಾಲದ ತಂಪು ಹವೆಯೇ ಹುಳು ಮನೆಯಲ್ಲಿ ಈ ರೋಗ ಹಬ್ಬುವುದಕ್ಕೂ ಅನುಕೂಲ. ಗಾಳಿಗೆ ತೇಲಿದ ಬೀಜಾಣು ನೆರೆಯವರ ಸೊಪ್ಪಿನ ಮೇಲೆ ಕೂತರೆ ಒಂದು ಬೆಳೆ ಗೂಡೇ ಕೈತಪ್ಪೀತು. ಆದರೂ ನನಗೆ ಪೊಟ್ಟಣ ಮಾರಿದ ಅಂಗಡಿಯವರು ಅಕ್ಕಪಕ್ಕ ಹಿಪ್ಪುನೇರಳೆ ಇದೆಯೇ ಎಂದು ವಿಚಾರಿಸಲಿಲ್ಲ. ಪೊಟ್ಟಣಗಳಾದರೋ ಕಾದ ತಗಡಿನ ಸೂರಿನಡಿ ರಾಸಾಯನಿಕ ಡಬ್ಬಿಗಳ ಜೊತೆಯಲ್ಲೇ ಇದ್ದವು.

ತೋಟಗಾರಿಕೆ ಮತ್ತು ರೇಷ್ಮೆ ಇಲಾಖೆಗಳು ಈ ವಿಷಯದಲ್ಲಿ ಕೂಡಿ ಮಾತನಾಡಿ, ಹಿಪ್ಪುನೇರಳೆ ಇರುವ ಹಳ್ಳಿಗಳಲ್ಲಿ ಈ ಶಿಲೀಂಧ್ರಗಳ ಬದಲು ಯಾವ ಕ್ರಮ ಅನುಸರಿಸಬೇಕೆಂಬುದನ್ನು ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಂದ ಕೇಳಿ ತಿಳಿದು, ಮುಂದಿನ ಮುಂಗಾರಿಗೆ ಮೊದಲೇ ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಬೇಕು. ಉಳಿದ ಕಡೆಗಳಿಗೆ ಕೊಡುವ ದಾಸ್ತಾನು ತಯಾರಿಕೆಯ ದಿನಾಂಕ ನೋಡಿ, ತಂಪಿನಲ್ಲಿಟ್ಟು, ಚಿಗುರಿನ ಕಾಲಕ್ಕೆ ಸರಿಯಾಗಿ ರೈತ ಸಂಪರ್ಕ ಕೇಂದ್ರಗಳಿಗೆ ತಲುಪಲಿ.

ಇಂತಿ,
ಒಬ್ಬ ನಿಂಬೆ ಬೆಳೆಗಾರ
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ