ಪುಟ್ಟೀ, ಆ ಅಮ್ಮಂದಿರ ವಿಷಯಕ್ಕೆ

ಪುಟ್ಟೀ, ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋಲಿ ಪ್ರೀಸ್ಕೂಲ್ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ, ಆಗ್ಲೇ "ಈ ಮೆಕ್ಸಿಕನ್ ಅಮ್ಮಂದಿರಿಗೆ ಓದು ಬೇಕಾಗೇ ಇಲ್ಲ ದೊಡ್ಡಮ್ಮ, ಎಬಿಸಿಡಿ ಬರತ್ತಾ ಅಂತ ಕೇಳಲ್ಲ, ಹೇಳಿದ ಮಾತು ಕೇಳ್ತಾನಾ ಅಂತಷ್ಟೇ ಕೇಳ್ತಾರೆ" ಅಂತೀಯಲ್ಲ, ವ್ಯಾಟ್ಸನ್‌ವಿಲ್ ಡೇಕೇರಲ್ಲಿದ್ದಾಗ ಮೊದಲ ವರ್ಷ ನಾನೂ ಹಿಂಗೇ ಅಂದ್ಕೊಂಡಿದ್ದೆ.

ಅವರ ಸ್ಪ್ಯಾನಿಷಲ್ಲಿ ಎದುಕಾಸಿಯೋನ್ ಅಂದ್ರೆ ಬರೀ ಸ್ಕೂಲ್ ಓದಲ್ಲ ಕಣೆ. ದೊಡ್ಡೋರಿಗೆ ಮರ್ಯಾದೆ ಕೊಡೋದು, ಮನೆಗೆ ಬಂದೋರನ್ನ ಮಾತಾಡ್ಸೋದು, ತಮ್ಮ ತಂಗೀನ ನೋಡ್ಕೊಳ್ಳೋದು ಎಲ್ಲ ಅದರಲ್ಲೇ ಬಂತು. ನಾವು ಸಂಸ್ಕಾರ ಅಂತೀವಲ್ಲ, ಹತ್ರಹತ್ರ ಅದೇ. ಡಿಗ್ರಿ ಇದ್ದೂ ಒರಟಾಗಿ ಆಡೋನಿಗೆ ಮಾಲ್ ಎದುಕಾದೊ, ಸಂಸ್ಕಾರ ಇಲ್ದೋನು ಅಂತಾರೆ. ಹಂಗಾಗಿ ಹೆಂಗೆ ನಡ್ಕೊಳ್ತಾನೆ ಅಂತ ಕೇಳೋಳು ಓದಿನ ಬುಡಾನೇ ಕೇಳ್ತಿದಾಳೆ.

ನಾನು ಮಾಡಿದ ಎಡವಟ್ಟು ಕೇಳು. ಒಬ್ಬ ಅಮ್ಮ ಸ್ಟ್ರಾಬೆರಿ ತೋಟದಿಂದ ಸೀದಾ ಬಂದಿದ್ಲು, ಶೂ ತುಂಬ ಮಣ್ಣು. ನಾನು ದೊಡ್ಡ ತಿಳಿದೋಳ ಥರ, ನಿಮ್ಮ ಮಗಳು ತುಂಬಾ ಸೈಲೆಂಟು, ಟೀಚರ್‌ನ ತಿರುಗಿ ಪ್ರಶ್ನೆ ಕೇಳೋದು ಕಲಿಸಿ ಅಂದ್ಬಿಟ್ಟೆ. ಅವಳ ಮುಖ ಸಣ್ಣಗಾಯ್ತು, ಎದುರುಮಾತು ಕಲಿಸು ಅಂತ ಟೀಚರೇ ಹೇಳಿದ ಹಾಗೆ ಕೇಳಿಸಿರ್ಬೇಕು ಪಾಪ. ಆ ಹುಡುಗೀನ ಕರೆದ್ರೆ "ಏನು?" ಅನ್ನೋ ಅರ್ಥದ "ಕೇ?" ಅಂತಿರ್ಲಿಲ್ಲ, "ಮಾಂದೆ?" ಅಂತಿದ್ಲು, ಅಪ್ಪಣೆ ಕೊಡಿ ಅನ್ನೋ ಹಾಗೆ. ಅಷ್ಟು ಕಲಿಸೋಕೆ ಆ ತಾಯಿ ಎಷ್ಟು ಸಲ ತಿದ್ದಿದ್ಲೋ, ನನ್ನ ಕಣ್ಣಿಗೆ ಅದು ಸೈಲೆಂಟು ಅಂತ ಕಾಣಿಸ್ತು!

ಅದಕ್ಕೇ ಹೇಳ್ತೀನಿ, ಮೊದಲು ಮಗು ನಡವಳಿಕೆ ಹೇಳು, ಆಮೇಲೆ ಅಕ್ಷರದ ಕಥೆ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗ್ಬೇಡ ಮತ್ತೆ, ನಿಮ್ಮ ಕಡೆ ಮೆಕ್ಸಿಕೋದ ವಾಹಾಕಾ ರಾಜ್ಯದಿಂದ ಬಂದೋರು ಇರ್ತಾರೆ, ಮನೇಲಿ ಅಲ್ಲಿನ ಮೂಲನಿವಾಸಿಗಳ ಮಿಶ್ಟೆಕ್ ಭಾಷೆ ಮಾತಾಡ್ತಾರೆ, ಸ್ಪ್ಯಾನಿಷೇ ಅವರಿಗೆ ಎರಡನೇ ಭಾಷೆ. ಮೀಟಿಂಗ್‌ಗೆ ಬರ್ಲಿಲ್ಲ ಅಂತ ಮೂಗು ಮುರೀಬೇಡ, ಕೊಯ್ಲಿನ ಟೈಮಲ್ಲಿ ಅರ್ಧ ದಿನ ಬಿಟ್ರೆ ಕೂಲಿ ಹೋಗತ್ತೆ, ಅಜ್ಜೀನೋ ಕೊಮಾದ್ರೇನೋ ಬಂದ್ರೆ ಅವರ ಹತ್ರಾನೇ ಮಾತಾಡು, ಕೊಮಾದ್ರೆ ಅಂದ್ರೆ ಮಗೂಗೆ ದೀಕ್ಷಾಸ್ನಾನ ಮಾಡಿಸ್ದಾಗ ತಾಯಿ ಸ್ಥಾನದಲ್ಲಿ ನಿಂತೋಳು, ನೆಂಟಸ್ತಿಕೆಗಿಂತ ಗಟ್ಟಿ.

ಹಾಂ, ಇನ್ನೊಂದು. ಕೂಸು ಎಷ್ಟು ಮುದ್ದಾಗಿದೆ ಅಂತ ದೂರದಿಂದ ಹೊಗಳಿ ಹೋಗ್ಬೇಡ, ಒಂದ್ಸಲ ತಲೆ ಮುಟ್ಟು. ಮುಟ್ಟದೆ ಹೊಗಳಿದ್ರೆ ದೃಷ್ಟಿಯಾಗತ್ತೆ ಅಂತ ಎಷ್ಟೋ ಜನ ನಂಬ್ತಾರೆ, ನಮ್ಮಜ್ಜಿ ಕೇಳಿದ್ರೆ ಹೂಂ ಅಂದಿರೋಳು. ಮಣಿಕಟ್ಟಲ್ಲಿ ಕೆಂಪು ದಾರದ ಜೊತೆ ಕಂದು ಬೀಜ ಕಂಡ್ರೆ ಅದು ದೃಷ್ಟಿಗೆ ಕಟ್ಟಿದ್ದು, ಸ್ಕೂಲ್ ರೂಲ್ಸ್ ಅಂತ ಬಿಚ್ಚೋದಾದ್ರೂ ಅಮ್ಮನ್ನ ಕೇಳಿ ಬಿಚ್ಚು, ಸಾಯಂಕಾಲ ಮರೀದೆ ಅವಳ ಕೈಗೇ ಕೊಡು.

ನಿನ್ನ ದೊಡ್ಡಮ್ಮ