ಲಿಸ್ಬನ್‌ನಲ್ಲಿ ಸಿಕ್ಕಿದ ಕಾಳುಮೆಣಸು

ಗೆಳೆಯಾ,

ಹೇಗಿದ್ದೀಯ ಮಾರಾಯ? ಹೊನ್ನಾವರದಲ್ಲಿ ಮಳೆ ಹಿಡಿದಿದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಇಲ್ಲಿ ಲಿಸ್ಬನ್‌ನಲ್ಲಿ ರಣ ಬಿಸಿಲು. ರಾತ್ರಿ ಒಂಬತ್ತಾದರೂ ಕತ್ತಲಾಗುವುದಿಲ್ಲ. ಹಾಗಾಗಿ ಕಾಲು ಸೋಲುವವರೆಗೆ ತಿರುಗುವುದೇ ಕೆಲಸ.

ನಿನಗೆ ಇಲ್ಲಿನ ಬೆಲೆಂ ಅನ್ನುವ ಬಡಾವಣೆಯ ಬಗ್ಗೆ ಹೇಳಲೇಬೇಕು. ತೇಜು ನದಿಯ ದಂಡೆಯಲ್ಲಿ ಜೆರೋನಿಮಸ್ ಅಂತ ದೊಡ್ಡ ಮಠ. ಪೋರ್ಚುಗಲ್ಲಿನ ರಾಜ ಮೊದಲನೇ ಮನುಯೆಲ್ 1501ರ ಹೊತ್ತಿಗೆ ಕಟ್ಟಿಸಲು ಶುರು ಮಾಡಿದ್ದು, ಮುಗಿಯಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಚರ್ಚಿನೊಳಗೆ ಕಂಬಗಳು ತೆಳ್ಳಗೆ ಎದ್ದು ಚಾವಣಿಯಲ್ಲಿ ಹರಡಿಕೊಂಡಿವೆ. ಅಡಿಕೆ ತೋಟದ ಮಧ್ಯೆ ನಿಂತು ಕತ್ತೆತ್ತಿದರೆ ಕಾಣುತ್ತದಲ್ಲ, ಥೇಟ್ ಹಾಗೆ. ಕಲ್ಲಿನಲ್ಲೇ ಹಗ್ಗ ಹೊಸೆದು ಗಂಟು ಹಾಕಿದ್ದಾರೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಗೊತ್ತಾ? ಆಫ್ರಿಕಾದಿಂದ, ನಮ್ಮ ಕಡೆಯಿಂದ ಬರುತ್ತಿದ್ದ ಸರಕಿನ ಮೇಲೆ ನೂರಕ್ಕೆ ಐದರಂತೆ ಸುಂಕ. ಮೆಣಸಿನ ಸುಂಕ ಅಂತಲೇ ಅದಕ್ಕೆ ಹೆಸರು. ಆಗ ಬರುತ್ತಿದ್ದದ್ದು ಜಾಸ್ತಿ ಮಲಬಾರಿನ ಮೆಣಸೇ ಇರಬಹುದು. ಆದರೆ ಅದೇ ಶತಮಾನದಲ್ಲಿ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದವರೂ ಈ ಪೋರ್ಚುಗೀಸರೇ ಅಲ್ವಾ?

ಬಾಗಿಲ ಹತ್ತಿರವೇ ವಾಸ್ಕೋ ಡ ಗಾಮಾನ ಸಮಾಧಿ. ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಜನ ಸಾಲುಗಟ್ಟಿ ಫೋಟೊ ತೆಗೆಯುತ್ತಿದ್ದರು. ನನಗೆ ಮನಸ್ಸು ಬರಲಿಲ್ಲ. 1502ರಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಜನರ ಸಮೇತ ಬೆಂಕಿ ಇಡಿಸಿದವನು ಇವನೇ. ಸುಳ್ಳು ಯಾಕೆ ಹೇಳಲಿ, ಕೆತ್ತನೆ ಮಾತ್ರ ಬಹಳ ಚೆಂದ. ಹೊರಗೆ ನದಿಗೆ ಮುಖ ಮಾಡಿ 1960ರಲ್ಲಿ ನಿಲ್ಲಿಸಿದ ಇನ್ನೊಂದು ಸ್ಮಾರಕವಿದೆ. ನಾವಿಕರು, ಪಾದ್ರಿಗಳು, ರಾಜಕುಮಾರರು ಸಾಲಾಗಿ ನಿಂತಿದ್ದಾರೆ. ಮೆಣಸು ಬೆಳೆದವರದ್ದು ಒಂದು ಮುಖವೂ ಇಲ್ಲ.

ನನಗೆ ತುಂಬ ಇಷ್ಟವಾದದ್ದು ಒಂದು ಖಡ್ಗಮೃಗ. ಬೆಲೆಂ ಗೋಪುರದ ಮೂಲೆಯ ಸಣ್ಣ ಬುರುಜಿನ ಬುಡದಲ್ಲಿ ಅದರ ತಲೆ ಕೆತ್ತಿದ್ದಾರೆ. ಗಾಳಿಗೆ, ಉಪ್ಪುನೀರಿಗೆ ಸವೆದು ಸವೆದು, ಯಾರಾದರೂ ತೋರಿಸಿ ಹೇಳದಿದ್ದರೆ ಯಾವ ಪ್ರಾಣಿ ಅಂತ ತಿಳಿಯುವುದೇ ಇಲ್ಲ. ಗುಜರಾತಿನ ಸುಲ್ತಾನ ಕೊಟ್ಟ ಜೀವಂತ ಖಡ್ಗಮೃಗವನ್ನು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾದಿಂದ ಹಡಗು ಹತ್ತಿಸಿದ. 1515ರ ಮೇ ತಿಂಗಳಲ್ಲಿ ಇಲ್ಲಿ ಇಳಿಯಿತು. ರಾಜನಿಗೆ ತಮಾಷೆ ನೋಡುವ ಆಸೆ. ಆನೆಯ ಎದುರು ಕಾದಾಟಕ್ಕೆ ಬಿಟ್ಟ. ಆನೆ ಹೆದರಿ ಓಡಿಯೇಹೋಯಿತಂತೆ! ಆಮೇಲೆ ಪಾಪದ ಪ್ರಾಣಿಯನ್ನು ಪೋಪ್‌ಗೆ ಉಡುಗೊರೆ ಅಂತ ಕಳಿಸಿದರು. ಇಟಲಿಯ ಹತ್ತಿರ ಹಡಗು ಮುಳುಗಿತು. ಸರಪಳಿ ಬಿಗಿದಿದ್ದರಿಂದ ಈಜಲೂ ಆಗಲಿಲ್ಲ. ಜರ್ಮನಿಯ ಕಲಾವಿದ ಡ್ಯೂರರ್ ಅದನ್ನು ಕಣ್ಣಿಂದ ನೋಡದೆಯೇ ಬಿಡಿಸಿದ ಚಿತ್ರ ಯುರೋಪೆಲ್ಲ ಹರಡಿತು.

ನೀನು ಸಿವಿಲ್ ಇಂಜಿನಿಯರ್ ಆದ್ದರಿಂದ ಇನ್ನೊಂದು ವಿಷಯ. 1755ರ ನವೆಂಬರ್ 1ರ ಬೆಳಿಗ್ಗೆ ಇಲ್ಲಿ ಭೂಕಂಪ. ಹಬ್ಬದ ದಿನ, ಚರ್ಚುಗಳ ತುಂಬ ಜನ, ಎಲ್ಲೆಲ್ಲೂ ಉರಿಯುವ ಮೇಣದಬತ್ತಿ. ಕಟ್ಟಡ ಕುಸಿದವು, ನದಿ ಉಕ್ಕಿ ಬಂತು, ಬೆಂಕಿ ದಿನಗಟ್ಟಲೆ ಉರಿಯಿತು. ಮಂತ್ರಿ ಪೊಂಬಾಲ್ ಕೆಳಪೇಟೆಯನ್ನು ನೇರ ನೇರ ಬೀದಿ ಹಾಕಿ ಮತ್ತೆ ಕಟ್ಟಿಸಿದ. ಆ ಮನೆಗಳ ಗೋಡೆಯೊಳಗೆ ಮರದ ಪಂಜರವಿದೆ. ನಿಂತ ಮರ, ಅಡ್ಡ ಮರ, ನಡುವೆ ಕತ್ತರಿಯಾಕಾರದ ಪಟ್ಟಿಗಳು. ನೆಲ ಅಲುಗಿದರೆ ಗಾರೆ ಉದುರಬಹುದು, ಪಂಜರ ಬಾಗಿಕೊಂಡು ನಿಲ್ಲುತ್ತದೆ. ಮಾದರಿ ಕಟ್ಟಿ ಸುತ್ತ ಸೈನಿಕರಿಂದ ಜೋರಾಗಿ ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದರು ಅನ್ನುತ್ತಾರೆ. ರಾಜ ಜೋಸೆ ಎಷ್ಟು ಹೆದರಿದ್ದನೆಂದರೆ, ಆಮೇಲೆ ಕಲ್ಲಿನ ಅರಮನೆಯಲ್ಲಿ ವಾಸ ಮಾಡಲು ಒಪ್ಪಲೇ ಇಲ್ಲ. ಸಾಯುವವರೆಗೂ ಮರದ ಬಿಡಾರವೇ.

ಆ ಭೂಕಂಪಕ್ಕೆ ಕುಸಿದ ಕಾರ್ಮೊ ಚರ್ಚಿನ ಮಾಡನ್ನು ಮಾತ್ರ ಮತ್ತೆ ಕಟ್ಟದೆ ಹಾಗೇ ಬಿಟ್ಟಿದ್ದಾರೆ. ಕಮಾನುಗಳು ಬರೀ ಎಲುಬಿನಂತೆ ನಿಂತಿವೆ, ಮೇಲೆ ಆಕಾಶ. 1756ರಲ್ಲಿ ರಿಪೇರಿ ಶುರುವಾಗಿತ್ತು. 1834ರಲ್ಲಿ ಸರ್ಕಾರ ಮಠಗಳನ್ನೇ ಮುಚ್ಚಿಸಿದಾಗ ನಿಂತುಹೋಯಿತು. ಒಳ್ಳೆಯದೇ ಆಯಿತು ಅನ್ನಿಸಿತು ನನಗೆ.

ನೀನು ಬಂದಾಗ 28ನೇ ನಂಬರಿನ ಟ್ರಾಮ್‌ಗೆ ಸುಮ್ನೆ ಕಾಯಬೇಡ. ನೂಕುನುಗ್ಗಲು, ಜೇಬುಗಳ್ಳರ ಕಾಟ. ಅಲ್ಫಾಮಾ ಅನ್ನುವ ಹಳೇ ಬಡಾವಣೆಯ ಗಲ್ಲಿಗಳನ್ನು ನಡೆದೇ ಹತ್ತೋಣ. ಫುಟ್‌ಪಾತ್‌ನ ಸುಣ್ಣಕಲ್ಲು ನುಣ್ಣಗೆ ಜಾರುತ್ತದೆ, ಹಿಡಿತ ಇರುವ ಶೂ ಹಾಕಿಕೊಂಡು ಬಾ. ಹಾಗೇ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ತಾ. ಇಲ್ಲಿ ಮೀನು ಚೆನ್ನಾಗಿ ಸುಡುತ್ತಾರೆ, ಆದರೆ ಖಾರ ನಾಲಿಗೆಗೇ ಹತ್ತುವುದಿಲ್ಲ ಮಾರಾಯ.

ನಿನ್ನವ